ಓದಿ ಮುಗಿಯದ ಕಾರಣ ಪಟ್ಟಿ ತಡವಾದ ಬಗ್ಗೆ

ಇಂದ:
ದೈಹಿಕ ಶಿಕ್ಷಣ ಶಿಕ್ಷಕ (ಮಂಡಿಯ ಕಾರಣ ಸದ್ಯಕ್ಕೆ ಗ್ರಂಥಾಲಯದ ಉಸ್ತುವಾರಿ),
ಹಿರಿಯ ಪ್ರಾಥಮಿಕ ಶಾಲೆ,
ಮೆಟ್ಟಿಲ ಕೆಳಗಿನ ಕೋಣೆ.

ಗೆ:
ಮಾನ್ಯ ಅಧ್ಯಕ್ಷರು,
ಮಕ್ಕಳ ಪಠ್ಯೇತರ ಓದು ಪರಿಶೀಲನಾ ಸಮಿತಿ,
ಮೂರನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ).

ವಿಷಯ: ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಶಿಫಾರಸು ಮಾಡಬಹುದಾದ ಅದ್ಭುತ ಕಥಾ ಸರಣಿಗಳ ಪಟ್ಟಿ ತಡವಾದದ್ದು, ಪರೀಕ್ಷಾ ಕೊಠಡಿಯಲ್ಲಿ ಕೂಗಿದ್ದು ಹಾಗೂ ಬೀರುವಿನ ಹಿಂದಿನ ಹಲಗೆ ಕಳಚಿದ್ದು, ಈ ಮೂರರ ಬಗ್ಗೆ ವಿವರಣೆ ಮತ್ತು ಕೋರಿಕೆ.

ಉಲ್ಲೇಖ: 1) ಪಟ್ಟಿ ಕಳಿಸಿ ಎಂದ ತಮ್ಮ ಸುತ್ತೋಲೆ. 2) ಪಟ್ಟಿ ಯಾಕೆ ಬಂದಿಲ್ಲ ಎಂದ ತಮ್ಮ ನೆನಪೋಲೆ. 3) ಇಂಥ ಪಟ್ಟಿ ಯಾಕೆ ಬಂತು ಎಂದ ತಮ್ಮ ಕಾರಣ ಕೇಳುವ ನೋಟಿಸು.

ಮಾನ್ಯರೇ,

ಈ ಅರ್ಜಿಯನ್ನು ಅರ್ಜಿದಾರನು ಬಾಯಲ್ಲಿ ಹೇಳಿದ್ದು, ಶಾಲೆಯ ಗುಮಾಸ್ತರು ಬರೆದುಕೊಂಡಿದ್ದಾರೆ. ಅರ್ಜಿಯಲ್ಲಿ 'ನಾನು' ಎಂದು ಬರೆದರೆ ಮೇಲಿನವರ ಕಣ್ಣಿಗೆ ಅದು ಸೊಕ್ಕಿನಂತೆ ಕಾಣುತ್ತದೆ ಎಂದು ಅವರು ಎಚ್ಚರಿಸಿದ ಕಾರಣ, ಅರ್ಜಿದಾರನನ್ನು ಉದ್ದಕ್ಕೂ ಅರ್ಜಿದಾರನೆಂದೇ ಕರೆಯಲಾಗಿದೆ. 'ಸದರಿ', 'ಆದ್ದರಿಂದ', 'ಕಾರಣ' ಇವು ಗುಮಾಸ್ತರ ಕೊಡುಗೆ. ನಡೆದದ್ದು ಮಾತ್ರ ಅರ್ಜಿದಾರನದ್ದು.

1. ಅರ್ಜಿದಾರನು ಈ ಶಾಲೆಯ ಮೈದಾನದಲ್ಲಿ ಮೂವತ್ತೊಂದು ವರ್ಷ ಸೀಟಿ ಊದಿದವನು. ಮಕ್ಕಳು, ಮಕ್ಕಳ ಅಪ್ಪ ಅಮ್ಮಂದಿರು, ಎದುರಿನ ಝೆರಾಕ್ಸ್ ಅಂಗಡಿಯವರು ಎಲ್ಲರೂ 'ಸೀಟಿ ಮೇಷ್ಟ್ರು' ಎಂದೇ ಕರೆಯುವುದರಿಂದ, ಹಾಜರಿ ಪುಸ್ತಕದಲ್ಲಿರುವ ಹೆಸರನ್ನು ಇಲ್ಲಿ ಬರೆದರೆ ಅದು ಯಾರೆಂದು ಯಾರಿಗೂ ಗೊತ್ತಾಗದು. ಕಳೆದ ವರ್ಷದ ಕ್ರೀಡಾಕೂಟದ ಹಿಂದಿನ ದಿನ, ಉದ್ದಜಿಗಿತ ಹೇಗೆ ಹಾರಬೇಕೆಂದು ತೋರಿಸಲು ಅರ್ಜಿದಾರನು ಹಾರಿದನು. ಹಾರಿದ್ದು ಸರಿಯಾಗಿಯೇ ಇತ್ತು. ಇಳಿದದ್ದು ಸರಿಯಾಗಲಿಲ್ಲ. ಆದ್ದರಿಂದ ಬಲಮಂಡಿ ಕೆಟ್ಟಿತು. ಓಡುವುದು, ಹಾರುವುದು ಎರಡೂ ಬಂದ್ ಎಂದು ಡಾಕ್ಟರು ಹೇಳಿದರು.

ಮುಖ್ಯೋಪಾಧ್ಯಾಯಿನಿಯವರು ಅರ್ಜಿದಾರನನ್ನು ಕರೆಸಿದರು.

"ಮೇಷ್ಟ್ರೇ, ಲೈಬ್ರರಿ ಖಾಲಿ ಬಿದ್ದಿದೆ. ನಾಳೆಯಿಂದ ಅಲ್ಲಿಗೆ ಹೋಗಿ. ಓಡೋದೇನೂ ಇಲ್ಲ, ಬರೀ ಕೂತ್ಕೊಳ್ಳೋದು."

"ಮೇಡಂ, ಅಲ್ಲಿ ಪುಸ್ತಕ ಇರ್ತವಲ್ಲ?"

"ಇರ್ತವೆ. ಪಾಪ, ನಿಮಗೇನೂ ತೊಂದರೆ ಕೊಡಲ್ಲ."

2. ಗ್ರಂಥಾಲಯವೆಂದರೆ ಮಹಡಿ ಮೆಟ್ಟಿಲಿನ ಕೆಳಗಿರುವ ಕೋಣೆ. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ಒಳಕ್ಕೆ ಹೋದಂತೆಲ್ಲ ಬಗ್ಗಬೇಕು, ಕೊನೆಯಲ್ಲಿ ಕೂತೇ ಸಾಗಬೇಕು. ಬಿಡುವಿನ ಗಂಟೆ ಬಾರಿಸಿದರೆ ತಲೆಯ ಮೇಲೆ ಮುನ್ನೂರು ಮಕ್ಕಳು ಧಡಧಡ ಇಳಿಯುತ್ತಾರೆ, ಸುಣ್ಣ ಉದುರುತ್ತದೆ. ಗಾಜಿನ ಬಾಗಿಲಿನ ಒಂದು ಮರದ ಬೀರು, ಒಂದು ಮೇಜು, ಶಾಲೆಯಲ್ಲಿ ಆರೋಗ್ಯ ಕೊಠಡಿ ಇಲ್ಲದ ಕಾರಣ ಹುಷಾರಿಲ್ಲದ ಮಕ್ಕಳನ್ನು ಮಲಗಿಸುವ ಒಂದು ಬೆಂಚು. ಯಾವುದೋ ಮುಚ್ಚಿಹೋದ ವಾಚನಾಲಯದಿಂದ ಬಂದ ನಾಲ್ಕು ರಟ್ಟಿನ ಪೆಟ್ಟಿಗೆಗಳು ಎರಡು ವರ್ಷದಿಂದ ಹಗ್ಗ ಬಿಚ್ಚದೆ ಮೂಲೆಯಲ್ಲಿದ್ದವು. ಸದಸ್ಯರ ಸಂಖ್ಯೆ ನಾಲ್ಕು. ಅವರಲ್ಲಿ ಇಬ್ಬರು ಸ್ಟೇಪ್ಲರ್ ಕೇಳಲು ಬಂದು ಸದಸ್ಯರಾದ ಶಿಕ್ಷಕರು.

3. ಹೀಗಿರುವಾಗ ತಮ್ಮ ಸುತ್ತೋಲೆ ಬಂತು. ಮಕ್ಕಳ ಕಲ್ಪನಾಶಕ್ತಿಯನ್ನು ಹದಿನೈದು ದಿನಗಳೊಳಗೆ ಬೆಳೆಸಬೇಕಾಗಿರುವ ಕಾರಣ, ಪ್ರತಿ ಶಾಲೆಯೂ ಒಳ್ಳೆಯ ಅದ್ಭುತ ಕಥಾ ಸರಣಿಗಳನ್ನು ಆರಿಸಿ ನಿಗದಿತ ನಮೂನೆಯಲ್ಲಿ ಶಿಫಾರಸು ಮಾಡತಕ್ಕದ್ದು ಎಂದು ಅದರಲ್ಲಿತ್ತು. ನಮೂನೆಗೆ ಹನ್ನೊಂದು ಅಂಕಣ. ಏಳನೆಯದು: 'ಮಾಯಾಶಕ್ತಿ ಇದೆಯೇ? ಇದ್ದಲ್ಲಿ ಅದರ ಅಗತ್ಯವೇನು?' ಎಂಟನೆಯದು: 'ಮಾತನಾಡುವ ಪ್ರಾಣಿಗಳ ಸಂಖ್ಯೆ.' ಹತ್ತನೆಯದು: 'ಪರೀಕ್ಷೆಯಲ್ಲಿ ಎಷ್ಟು ಅಂಕಗಳಿಗೆ ಉಪಯೋಗ?'

ಗುಮಾಸ್ತರು ಆಗಲೇ ದಾರಿ ತೋರಿಸಿದ್ದರು ಎಂಬುದನ್ನು ಅವರೇ ಇಲ್ಲಿ ಬರೆಯಲು ಒಪ್ಪಿದ್ದಾರೆ.

"ತಲೆ ಕೆಡಿಸ್ಕೋಬೇಡಿ ಮೇಷ್ಟ್ರೇ. ಪಕ್ಕದ ಶಾಲೆಯವರ ಪಟ್ಟಿ ತಂದು ಇಳಿಸಿಬಿಡಿ. ಅವರು ಅವರ ಪಕ್ಕದ ಶಾಲೆಯಿಂದ ಇಳಿಸಿರ್ತಾರೆ."

"ಮತ್ತೆ ಮೊದಲು ಬರೆದೋರು ಯಾರು?"

"ಅದನ್ನ ಇಲ್ಲೀತನಕ ಯಾರೂ ಕೇಳಿಲ್ಲ. ಕೇಳಿದ್ರೆ ಅದಕ್ಕೊಂದು ಸುತ್ತೋಲೆ ಬರುತ್ತೆ, ಸುಮ್ನಿರಿ."

4. ಅರ್ಜಿದಾರನು ಹಾಗೆ ಇಳಿಸಲಿಲ್ಲ. ಪ್ರಾಮಾಣಿಕತೆ ಅದಕ್ಕೆ ಕಾರಣವಲ್ಲ. ಇಳಿಸುವುದಕ್ಕೂ ಓದಲು ಬರಬೇಕು.

ಮೂವತ್ತೊಂದು ವರ್ಷ ಮುಚ್ಚಿಟ್ಟ ಸಂಗತಿಯನ್ನು ಈ ಮೂಲಕ ತಮ್ಮ ಅವಗಾಹನೆಗೆ ತರಲಾಗಿದೆ. ಅರ್ಜಿದಾರನಿಗೆ ಅಕ್ಷರ ಗೊತ್ತು, ಆದರೆ ಅಕ್ಷರಗಳು ಅವನ ಮಾತು ಕೇಳುವುದಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಜಾರುತ್ತವೆ. ಪ, ಷ, ಫ ಮೂವರೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಂಡು, ಯಾರು ಯಾರೆಂದು ಗುರುತು ಹಿಡಿಯುವಷ್ಟರಲ್ಲಿ ಸಾಲಿನ ಮೊದಲು ಏನಿತ್ತೆಂಬುದೇ ಮರೆತುಹೋಗುತ್ತದೆ. ಚಿಕ್ಕಂದಿನಲ್ಲಿ ಅವನ ಅಕ್ಕ ಬಟ್ಟೆ ಒಗೆಯುತ್ತ, ಪಕ್ಕದ ಕಲ್ಲಿನ ಮೇಲೆ ಪುಸ್ತಕ ತೆರೆದಿಟ್ಟುಕೊಂಡು ಅವನ ಪಾಠಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವನು ಕೇಳಿ ಕೇಳಿ ಬಾಯಿಪಾಠ ಮಾಡಿ ಪಾಸಾದನು. ಅಕ್ಕ ಮದುವೆಯಾಗಿ ಹೋದ ಮೇಲೆ ಓದಿ ಹೇಳುವವರಿಲ್ಲದ ಕಾರಣ ಅವನು ಓಡಲು ಶುರುಮಾಡಿದನು. ಓಟದಲ್ಲಿ ಬಹುಮಾನ ಬಂತು, ಬಹುಮಾನದಿಂದ ತರಬೇತಿ ಸಿಕ್ಕಿತು, ತರಬೇತಿಯಿಂದ ಕೆಲಸ.

ಕೆಲಸದಲ್ಲಿ ಕಾಗದ ಎದುರಾದಾಗಲೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: "ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ, ಸ್ವಲ್ಪ ಓದಿ ಹೇಳ್ತೀರಾ?" ಮನೆಯಲ್ಲಿ ಕನ್ನಡಕ ಇರಲಿಲ್ಲ. ಮೈದಾನದ ಆ ತುದಿಯಲ್ಲಿ ಯಾರು ಚ್ಯೂಯಿಂಗ್ ಗಮ್ ಅಗಿಯುತ್ತಿದ್ದಾರೆ ಎಂಬುದು ಅರ್ಜಿದಾರನಿಗೆ ಬರಿಗಣ್ಣಿಗೇ ಕಾಣುತ್ತದೆ.

5. ಆರನೇ ತರಗತಿ ಬಿ ವಿಭಾಗದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಬಸ್ ಕಂಡಕ್ಟರಮ್ಮನ ಮಗಳು. ತರಗತಿಯಲ್ಲಿ ಎದ್ದು ನಿಂತು ಪಾಠ ಓದುವ ಸರದಿ ಬಂದಾಗಲೆಲ್ಲ ಅವಳಿಗೆ ಜ್ವರ ಬರುತ್ತಿತ್ತು. ಬರೀ ನೆಪವಲ್ಲ, ಹಣೆ ನಿಜವಾಗಿ ಬಿಸಿಯಾಗುತ್ತಿತ್ತು. ಆದ ಕಾರಣ ತರಗತಿಯ ಮಕ್ಕಳು ಅವಳನ್ನು 'ಜ್ವರ' ಎಂದೇ ಕರೆಯುತ್ತಿದ್ದರು. 'ಜ್ವರ, ರಬ್ಬರ್ ಕೊಡೇ.' 'ಜ್ವರ ಇವತ್ತು ಬಂದಿಲ್ಲ ಮಿಸ್.' (ಇಲ್ಲಿದ್ದ ಒಂದು ವಾಕ್ಯವನ್ನು ಸದರಿ ಹುಡುಗಿಯ ಆಕ್ಷೇಪಣೆಯ ಮೇರೆಗೆ ಹೊಡೆದುಹಾಕಲಾಗಿದೆ.)

ಸುತ್ತೋಲೆ ಬಂದ ಮರುದಿನ ಅವಳಿಗೆ ಜ್ವರ ಬಂತು. ಬೆಂಚಿಗೆ ಕಳಿಸಿದರು. ಅರ್ಜಿದಾರನು ಸುತ್ತೋಲೆಯನ್ನು ಅವಳ ಮುಂದೆ ಹಿಡಿದನು.

"ಏನಮ್ಮ, ಇದರಲ್ಲಿ ಏನಿದೆ ಒಂಚೂರು ಓದು. ಕನ್ನಡಕ ಮನೇಲಿ ಬಿಟ್ಟು ಬಂದಿದ್ದೀನಿ."

"ಜ್ವರ ಸರ್."

"ಒಂದೇ ಒಂದು ಸಾಲು."

"ಗಂಟಲೂ ನೋವು ಸರ್."

"ಈಗ ಮಾತಾಡ್ತಾ ಇದ್ದೀಯಲ್ಲ?"

"ಓದೋಕೆ ಮಾತ್ರ ನೋವು. ನೀವೇ ಓದಿ ಸರ್, ದೊಡ್ಡ ಅಕ್ಷರಾನೇ ಇದೆಯಲ್ಲ."

ಅರ್ಜಿದಾರನು ಕಾಗದವನ್ನು ದೂರ ಹಿಡಿದನು, ಹತ್ತಿರ ಹಿಡಿದನು, ಬೆಳಕಿಗೆ ತಿರುಗಿಸಿದನು, ಕೆಮ್ಮಿದನು. ಹುಡುಗಿ ಎದ್ದು ಕೂತು ಇದನ್ನೆಲ್ಲ ಬಿಡದೆ ನೋಡಿದಳು. ತನ್ನದೇ ಕಳ್ಳಾಟವನ್ನು ಇನ್ನೊಬ್ಬರು ಆಡುವುದನ್ನು ನೋಡುತ್ತಿದ್ದವಳ ಹಾಗಿತ್ತು ಅವಳ ಮುಖ.

"ಸರ್," ಎಂದು ದನಿ ತಗ್ಗಿಸಿದಳು, "ನಿಮಗೂ ಜ್ವರಾನಾ?"

ಅರ್ಜಿದಾರನು ಬಾಗಿಲ ಕಡೆ ನೋಡಿದನು. ಯಾರೂ ಇರಲಿಲ್ಲ.

"ಹೂಂ ಕಣಮ್ಮ," ಎಂದನು. "ಹಳೇ ಜ್ವರ."

6. ಅಂದೇ ಇಬ್ಬರೂ ಸೇರಿ ಮೊದಲ ಪೆಟ್ಟಿಗೆಯ ಹಗ್ಗ ಬಿಚ್ಚಿದರು. ಮೇಲೇ ಇದ್ದದ್ದು 'ಏಳನೇ ಮೆಟ್ಟಿಲಿನ ನಾಡು', ಐದು ಭಾಗಗಳು. ಹುಡುಗಿ ತನ್ನ ಚೀಲದಿಂದ ಅಮ್ಮನ ಮುಗಿದ ಟಿಕೆಟ್ ಪುಸ್ತಕದ ರಟ್ಟೊಂದನ್ನು ತೆಗೆದಳು. ಅದರಲ್ಲಿ ಒಂದು ಸಾಲಿನಷ್ಟು ಅಗಲದ ಕಿಂಡಿ ಕೊರೆದು ಪುಟದ ಮೇಲಿಟ್ಟರೆ ಉಳಿದ ಸಾಲುಗಳು ಮುಚ್ಚಿಹೋಗಿ, ಒತ್ತಕ್ಷರಗಳಿಗೆ ಜಾರಲು ಜಾಗವಿರುವುದಿಲ್ಲ. ಒಂದು ಸಾಲು ಅವಳದು, ಒಂದು ಸಾಲು ಅವನದು. ಮೊದಲ ಪುಟಕ್ಕೆ ನಲವತ್ತು ನಿಮಿಷ ಹಿಡಿಯಿತು. ಇಬ್ಬರೂ ಬೆವೆತಿದ್ದರು. ಅರ್ಜಿದಾರನು ಹದಿನೈದು ಸುತ್ತು ಮೈದಾನ ಓಡಿದಾಗಲೂ ಅಷ್ಟು ಬೆವೆತವನಲ್ಲ.

ಕಥೆಯ ಹುಡುಗಿಯ ಮನೆಯ ಮೆಟ್ಟಿಲುಗಳು ಆರೇ. ಒಂದು ದಿನ ಲೆಕ್ಕ ತಪ್ಪಿ ಏಳನೆಯದಕ್ಕೆ ಕಾಲಿಟ್ಟು, ನೆರಳು ಇಟ್ಟುಕೊಳ್ಳಲು ಪರವಾನಗಿ ಬೇಕಾದ ನಾಡಿಗೆ ಬೀಳುತ್ತಾಳೆ. ಅವಳ ನೆರಳನ್ನು ಜಪ್ತಿ ಮಾಡುತ್ತಾರೆ. ಬಿಡಿಸಿಕೊಳ್ಳಲು ಹೋದರೆ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಕಳಿಸುತ್ತಾರೆ, ಕೊನೆಯ ಕಿಟಕಿಯವರು ಊಟಕ್ಕೆ ಹೋಗಿದ್ದಾರೆ.

"ಸರ್, ಇದು ಕಟ್ಟುಕಥೆ ಅಂತೀರಿ," ಎಂದಳು ಹುಡುಗಿ. "ಅಮ್ಮ ನನ್ನ ಬಸ್ ಪಾಸ್ ಮಾಡಿಸೋಕೆ ಹೋದಾಗ ಹಿಂಗೇ ಆಗಿತ್ತು."

ನಾಲ್ಕನೇ ವಾರದ ಕೊನೆಗೆ ಒಂದು ಪುಟಕ್ಕೆ ಇಪ್ಪತ್ತೆರಡು ನಿಮಿಷ. ಅರ್ಜಿದಾರನು ಸ್ಟಾಪ್‌ವಾಚಿನಲ್ಲಿ ಅಳೆದಿದ್ದಾನೆ.

7. ಹದಿನೈದು ದಿನಗಳ ಗಡುವು ಅಷ್ಟರಲ್ಲಿ ದಾಟಿಹೋಗಿತ್ತು. ಆದ್ದರಿಂದ ಅರ್ಜಿದಾರನು 'ಪುಸ್ತಕಗಳನ್ನು ಇನ್ನೂ ಓದಿ ಮುಗಿಸದ ಕಾರಣ ಕಾಲಾವಕಾಶ ಬೇಕು' ಎಂದು ಬರೆಸಿ ಕಳಿಸಿದನು. ತಮ್ಮ ಕಚೇರಿಯಿಂದ ಕೂಡಲೇ ಫೋನು ಬಂತು.

"ಯಾರ್ರೀ ಅದು? ಪಟ್ಟಿ ಕೇಳಿದ್ರೆ ಓದ್ತಾ ಇದ್ದೀನಿ ಅಂತ ಬರೆದಿರೋದು?"

"ನಾನೇ ಸರ್. ಶಿಫಾರಸು ಮಾಡಬೇಕಲ್ಲ, ಅದಕ್ಕೆ."

"ಓದಿ ಅಂತ ಸುತ್ತೋಲೆಯಲ್ಲಿ ಎಲ್ಲಾದ್ರೂ ಇದೆಯಾ?"

ಅರ್ಜಿದಾರನು ಹುಡುಗಿಯ ಜೊತೆ ಕೂತು ಸುತ್ತೋಲೆಯನ್ನು ರಟ್ಟಿನ ಕಿಂಡಿಯಲ್ಲಿ ಇನ್ನೊಮ್ಮೆ ಪೂರ್ತಿ ನೋಡಿದನು. ಇರಲಿಲ್ಲ. ಈ ಬಗ್ಗೆ ಕ್ಷಮೆ ಕೋರಲಾಗಿದೆ.

8. ನಂತರ ಆರನೇ ಬಿ ವಿಭಾಗದಲ್ಲಿ ಜ್ವರ ಹಬ್ಬಿತು. ಮೊದಲು ಇಬ್ಬರು, ಆಮೇಲೆ ಐವರು, ಒಂದು ಗುರುವಾರ ಹತ್ತೊಂಬತ್ತು ಮಂದಿ. ಬೆಂಚು ಸಾಲದೆ ನೆಲದ ಮೇಲೆ, ಕೋಣೆಯ ಗಿಡ್ಡ ತುದಿಯವರೆಗೂ ಕೂತರು. ಗಾಬರಿಯಾದ ಮುಖ್ಯೋಪಾಧ್ಯಾಯಿನಿಯವರು ಆರೋಗ್ಯ ಕಾರ್ಯಕರ್ತೆಯನ್ನು ಕರೆಸಿದರು. ಅವರು ಎಲ್ಲರ ಬಾಯಿಗೂ ಥರ್ಮಾಮೀಟರ್ ಇಟ್ಟು ಕೊಟ್ಟ ವರದಿಯನ್ನು ಲಗತ್ತಿಸಿದೆ: 'ರೋಗಿಗಳೆಲ್ಲರೂ ಆರೋಗ್ಯವಾಗಿದ್ದಾರೆ. ಏನಾಗಿದೆ ಎಂದು ಕೇಳಿದರೆ ಮೂರನೇ ಅಧ್ಯಾಯ ಎನ್ನುತ್ತಾರೆ.'

9. ಈ ಅಂಶ ಇಲ್ಲ. ಗುಮಾಸ್ತರು ಊಟಕ್ಕೆ ಹೋಗಿದ್ದಾಗ ಸಂಖ್ಯೆ ತಪ್ಪಿದೆ.

10. ನಾಲ್ಕು ತಿಂಗಳ ನಂತರ ಪಟ್ಟಿ ಸಲ್ಲಿಕೆಯಾಯಿತು. ಶಿಫಾರಸಾದ ಸರಣಿಗಳು ಮೂರೇ. ಓದಿದ್ದೇ ನಾಲ್ಕು ಎಂಬುದು ಅದಕ್ಕೆ ಕಾರಣ. ಪೂರ್ತಿ ಓದಿದ್ದೇನೆಂದು ಅರ್ಜಿದಾರನು ಹೇಳಿಕೊಳ್ಳುವುದಿಲ್ಲ. ಬೇಗ ಓದುವ ಮಕ್ಕಳು ಮುಂದೆ ಮುಂದೆ ಓಡಿ, ತಿರುಗಿ ಬಂದು ಸುದ್ದಿ ಹೇಳುತ್ತಿದ್ದರು. 'ಏಳನೇ ಮೆಟ್ಟಿಲಿನ ನಾಡು' ಮೊದಲ ಸ್ಥಾನದಲ್ಲಿತ್ತು. 'ನೆಗಡಿಯ ಡ್ರ್ಯಾಗನ್' ಮೂರು ಭಾಗ. ಬೆಂಕಿ ಉಗುಳಲಾಗದೆ ಬರೀ ಸೀನುವ ಡ್ರ್ಯಾಗನ್‌ನ ಕಥೆ, ಒಂಬತ್ತು ವರ್ಷದವರಿಗೆ ಬಲು ಚೆನ್ನ, ಆದರೆ ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಓದಬಾರದು, ನಗು ತಡೆಯುವುದಿಲ್ಲ. 'ಗಡಿಯಾರ ತಿನ್ನುವವರು' ನಾಲ್ಕು ಭಾಗ; ಮೊದಲ ನಲವತ್ತು ಪುಟ ಹಲ್ಲು ಕಚ್ಚಿಕೊಂಡು ದಾಟಬೇಕು, ಆಮೇಲೆ ಊಟಕ್ಕೆ ಕರೆದರೂ ಕೇಳಿಸುವುದಿಲ್ಲ; ಎರಡನೇ ಭಾಗದಲ್ಲಿ ಅಜ್ಜಿ ಸಾಯುತ್ತಾಳೆ, ಅದನ್ನು ಮೊದಲೇ ಹೇಳಬೇಡಿ, ಆದರೆ ಓದುವವರ ಹತ್ತಿರ ಯಾರಾದರೂ ಇರಿ. ಹನ್ನೆರಡು ಭಾಗದ 'ಹೊಳೆವ ಗುರಾಣಿಯ ವೀರ' ಎಂಬುದನ್ನು ಮಕ್ಕಳು ತಿರಸ್ಕರಿಸಿದರು. "ಗೆಲ್ತಾನೆ ಅಂತ ಮೊದಲೇ ಗೊತ್ತು ಸರ್. ಸುಮ್ನೆ ಯಾಕೆ ಹನ್ನೆರಡು ಪುಸ್ತಕ?"

ಹತ್ತನೇ ಅಂಕಣದಲ್ಲಿ, ಅಂಕಗಳ ಉಪಯೋಗದ ಎದುರು, 'ಇಲ್ಲ' ಎಂದು ಬರೆಯಲಾಗಿತ್ತು. ಅದು ಉದ್ಧಟತನವಲ್ಲ, ಕೇಳಿದ್ದಕ್ಕೆ ಉತ್ತರ.

11. ಪರೀಕ್ಷಾ ಕೊಠಡಿಯಲ್ಲಿ ಕೂಗಿದ್ದು: ಮಧ್ಯಾವಧಿ ಪರೀಕ್ಷೆಯ ಸಮಾಜ ವಿಜ್ಞಾನದ ದಿನ ಅರ್ಜಿದಾರನು ಮೇಲ್ವಿಚಾರಣೆಯಲ್ಲಿದ್ದನು. ಮೇಜಿನ ಮೇಲೆ ಮೂರನೇ ಭಾಗ, ಅದರ ಮೇಲೆ ರಟ್ಟು. ಮೆಟ್ಟಿಲಿನ ನಾಡಿನ ಹುಡುಗಿ ಮುಚ್ಚಿದ ಬಾಗಿಲೊಂದರ ಮುಂದೆ ನಿಂತಿದ್ದಾಳೆ. ಒಳಗಿನಿಂದ ಅವಳ ತಾಯಿಯ ದನಿ ಕರೆಯುತ್ತಿದೆ. ಅದು ತಾಯಿಯಲ್ಲ ಎಂದು ಓದುವವರಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳ ಕೈ ಚಿಲಕದ ಮೇಲಿದೆ. ಅರ್ಜಿದಾರನು ಕಿಂಡಿಯನ್ನು ಒಂದು ಸಾಲು ಕೆಳಗಿಳಿಸಿದನು.

"ಅಯ್ಯೋ, ತೆಗೀಬೇಡ ಕಣೇ!"

ಮೂವತ್ತೊಂದು ವರ್ಷ ಮೈದಾನದಲ್ಲಿ ಪಳಗಿದ ಗಂಟಲು. ನಲವತ್ತೆರಡು ಮಕ್ಕಳ ಪೆನ್ನು ನಿಂತವು. ಓದಿ ಮುಗಿಸಿದ್ದವಳೊಬ್ಬಳು ಮೂರನೇ ಸಾಲಿನಿಂದ ಸಮಾಧಾನವಾಗಿ ಹೇಳಿದಳು: "ತೆಗೀತಾಳೆ ಸರ್."

ಇದೇ ಸಮಯಕ್ಕೆ ತಮ್ಮ ತಪಾಸಣಾ ತಂಡ ಬಾಗಿಲಲ್ಲಿ ನಿಂತಿತ್ತು.

12. ತಾವೇ ಖುದ್ದಾಗಿ ಬಂದದ್ದು ಮುಂದಿನ ಸೋಮವಾರ. ಪಟ್ಟಿಯ ಮೇಲೆ ತಾವು ಎತ್ತಿದ ಆಕ್ಷೇಪಗಳಿಗೆ ಅರ್ಜಿದಾರನು ಅಂದು ಬಾಯಿಬಿಡಲಾಗದ ಕಾರಣ ಈಗ ಉತ್ತರಿಸುತ್ತಿದ್ದಾನೆ. ಕಥೆಯ ಹುಡುಗಿ ಪೋಷಕರ ಒಪ್ಪಿಗೆಯಿಲ್ಲದೆ ಬೇರೆ ನಾಡಿಗೆ ಹೋದದ್ದು ನಿಜ; ಅವಳಿಗೆ ಮೊದಲೇ ತಿಳಿದಿದ್ದರೆ ಖಂಡಿತ ಸಹಿ ಹಾಕಿಸಿಕೊಂಡು ಹೋಗುತ್ತಿದ್ದಳು. ಡ್ರ್ಯಾಗನ್ ಪಠ್ಯಕ್ರಮದಲ್ಲಿ ಇಲ್ಲ ಎಂಬುದೂ ನಿಜ. ಪಠ್ಯಕ್ರಮದಲ್ಲಿದ್ದಿದ್ದರೆ ಮಕ್ಕಳಿಗೆ ಅದರ ಮೇಲೂ ಜ್ವರ ಬರುತ್ತಿತ್ತು.

ಆಮೇಲೆ ತಾವು ಆರನೇ ಬಿ ವಿಭಾಗಕ್ಕೆ ಬಂದು ಮಕ್ಕಳ ಓದಿನ ಮಟ್ಟ ನೋಡಬೇಕೆಂದಿರಿ. ಯಾರನ್ನಾದರೂ ಕರೆಯಿರಿ ಎಂದು ಹೇಳುವ ಮೊದಲೇ ಕಂಡಕ್ಟರಮ್ಮನ ಮಗಳು ತಾನಾಗಿ ಎದ್ದು ನಿಂತಳು. ಕೈಯಲ್ಲಿ ಮೊದಲ ಭಾಗ. ಆರು ವರ್ಷದ ಶಾಲೆಯಲ್ಲಿ ಅವಳು ಹತ್ತು ಮಂದಿಯ ಮುಂದೆ ಓದಲು ನಿಂತದ್ದು ಅದೇ ಮೊದಲು. ತಮಗೆ ಅದು ಗೊತ್ತಿರಲಿಲ್ಲ, ಅದನ್ನು ತಿಳಿಸುವ ಅಂಕಣ ಯಾವ ನಮೂನೆಯಲ್ಲೂ ಇಲ್ಲ.

ಅವಳು ರಟ್ಟಿಟ್ಟು ಓದಿದಳು. "ಮೆ… ಟ್ಟಿ… ಲ… ಮೇಲೆ… ನಿಂ… ನಿಂತ…"

"ಸಾಕು ಸಾಕು," ಎಂದಿರಿ ತಾವು. "ಆರನೇ ಕ್ಲಾಸು, ಇಷ್ಟೇನಾ? ಇದಕ್ಕೇ ಹೇಳೋದು, ಡ್ರ್ಯಾಗನ್ನು ಗೀಗನ್ನು ಅಂತ ಹಚ್ಚಬೇಡಿ ಅಂತ. ಹೂಂ, ಮುಂದಿನೋರು."

ತಾವು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಕಾರಣ ನೋಡಲಿಲ್ಲ, ಅವಳು ಕೂರಲಿಲ್ಲ. ಮುಂದಿನವನು ಎದ್ದು ಗಡಗಡ ಓದಿ ಮುಗಿಸಿದನು. ಅವಳು ನಿಂತೇ ಇದ್ದಳು. ತಾವು ಹೋದ ಮೇಲೂ ನಿಂತಿದ್ದಳು. ಅರ್ಜಿದಾರನು ಕುಂಟುತ್ತ ಹೋಗಿ ಅವಳ ಹಣೆ ಮುಟ್ಟಿ ನೋಡಿದನು. ತಣ್ಣಗಿತ್ತು.

"ಜ್ವರ ಇಲ್ಲ ಸರ್," ಎಂದಳು. "ಸಾಲು ಇನ್ನೂ ಮುಗಿದಿಲ್ಲ."

13. ತಮ್ಮ ಆದೇಶದಂತೆ ಮೂರೂ ಸರಣಿಗಳನ್ನು ಬೀರುವಿನಲ್ಲಿಟ್ಟು, ಗಾಜಿನ ಬಾಗಿಲಿಗೆ ಅರಗಿನ ಸೀಲು ಹಾಕಲಾಯಿತು. ಬದಲಿಗೆ ಸಮಿತಿಯ ಅಧಿಕೃತ ಶಿಫಾರಸು ಪಟ್ಟಿ ಬಂತು. ಅದ್ಭುತ ಕಥಾ ಸರಣಿ ವಿಭಾಗದ ಮೊದಲ ಸಾಲಿನಲ್ಲಿ 'ಹಲ್ಲುಜ್ಜುವ ಸರಿಯಾದ ಕ್ರಮ', ಆರು ಭಾಗಗಳು. ಎಂಟನೇ ಸಾಲಿನಲ್ಲಿ 'ಮುಂದಿನ ಪುಟ ನೋಡಿ' ಎಂಬ ಸರಣಿ. ಇದನ್ನು ಅರ್ಜಿದಾರನು ಮೂರು ಅಂಗಡಿಗಳಲ್ಲಿ ವಿಚಾರಿಸಿದನು, ಎಲ್ಲೂ ಸಿಗಲಿಲ್ಲ. ಪಕ್ಕದ ಶಾಲೆಯವರು ಮಾತ್ರ ತಮ್ಮ ಮಕ್ಕಳು ಅದನ್ನು ಬಹಳ ಮೆಚ್ಚಿಕೊಂಡಿದ್ದಾರೆ ಎಂದು ವರದಿ ಕಳಿಸಿದ್ದಾರಂತೆ.

14. ಸೀಲು ಬಿದ್ದ ದಿನ ಸಂಜೆ ಅರ್ಜಿದಾರನು ಮುಖ್ಯೋಪಾಧ್ಯಾಯಿನಿಯವರ ಕೋಣೆಗೆ ಹೋಗಿ, ಅಂಶ ನಾಲ್ಕರಲ್ಲಿರುವುದನ್ನೆಲ್ಲ ಹೇಳಿದನು. ಕೆಲಸ ಹೋದರೆ ಹೋಗಲಿ, ನಿವೃತ್ತಿಗೆ ಹದಿನಾಲ್ಕೇ ತಿಂಗಳು ಎಂದುಕೊಂಡಿದ್ದನು. ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

"ಮೂವತ್ತೊಂದು ವರ್ಷ?"

"ಹೌದು ಮೇಡಂ."

"ನಾನು ಕೊಟ್ಟ ಮೆಮೋಗಳು?"

"ಒಂದನ್ನೂ ಓದಿಲ್ಲ ಮೇಡಂ."

"ಅದಕ್ಕೇ ನೀವೊಬ್ರೇ ಯಾವಾಗ್ಲೂ ನಗ್ತಾ ಇದ್ದಿದ್ದು." ಮೇಜಿನ ಮೇಲಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿದರು. "ಆ ಹುಡುಗಿ ಎಲ್ಲೀವರೆಗೆ ಬಂದಿದ್ದಾಳೆ?"

"ನಾಲ್ಕನೇ ಭಾಗ, ಅರವತ್ತನೇ ಪುಟ. ಕಥೆಯ ಹುಡುಗಿಗೆ ನೆರಳು ಸಿಕ್ಕಿದೆ, ಆದರೆ ಅವಳದ್ದಲ್ಲ."

"ಹಂಗಂದ್ರೆ?"

ಅರ್ಜಿದಾರನು ಹೇಳಿದನು. ಹೇಳಿ ಮುಗಿಸುವಷ್ಟರಲ್ಲಿ ಜವಾನ ಬಾಗಿಲುಗಳಿಗೆ ಬೀಗ ಹಾಕಿಕೊಂಡು ಬಂದು, ಎರಡು ಸಲ ಇಣುಕಿ ಹೋಗಿದ್ದನು.

ಮರುದಿನ ಬೆಳಗ್ಗೆ ನೋಡಿದರೆ ಬೀರುವಿನ ಹಿಂದಿನ ಹಲಗೆ ಕಳಚಿ ಬಿದ್ದಿತ್ತು. ಗೆದ್ದಲು ಕಾರಣವಿರಬಹುದೆಂದು ಮೇಡಂ ಷರಾ ಬರೆದಿದ್ದಾರೆ. ಗೆದ್ದಲು ನಾಲ್ಕು ಮೊಳೆಗಳನ್ನೂ ನೀಟಾಗಿ ಕಿತ್ತು ಮೇಜಿನ ಮೇಲೆ ಸಾಲಾಗಿ ಇಟ್ಟಿತ್ತು. ಮುಂದಿನ ಸೀಲಿಗೆ ಕಿಂಚಿತ್ತೂ ಧಕ್ಕೆಯಾಗಿಲ್ಲ. ತಪಾಸಣೆಯಲ್ಲಿ ತಿಳಿದುಬಂದಂತೆ, ನಾಲ್ಕನೇ ಭಾಗ ಸದರಿ ಹುಡುಗಿಯ ಬಳಿಯೂ, ಮೊದಲ ಭಾಗ ಮುಖ್ಯೋಪಾಧ್ಯಾಯಿನಿಯವರ ಮೇಜಿನ ಖಾನೆಯಲ್ಲೂ ಇದೆ. ಅವರು ನೂರ ಹನ್ನೆರಡನೇ ಪುಟದಲ್ಲಿದ್ದು, ಸಂಜೆ ನಾಲ್ಕರ ನಂತರ ಯಾರನ್ನೂ ಭೇಟಿಯಾಗುತ್ತಿಲ್ಲ.

15. ಸೀಲು ಬಿದ್ದ ಮೇಲೆ ಗ್ರಂಥಾಲಯದ ಸದಸ್ಯರ ಸಂಖ್ಯೆ ನಾಲ್ಕರಿಂದ (ಜ್ವರದವರು ಲೆಕ್ಕದಲ್ಲಿರಲಿಲ್ಲ) ಅರವತ್ತಮೂರಕ್ಕೆ ಏರಿದೆ. ಅರಗಿನಿಂದ ಮುಚ್ಚಿದ್ದಾರೆಂದರೆ ಒಳಗೆ ಏನೋ ಇದ್ದೇ ಇರಬೇಕು ಎಂಬುದು ಮಕ್ಕಳ ನಂಬಿಕೆ. ಏಳನೇ ತರಗತಿಯ ದೊಡ್ಡ ಮಕ್ಕಳೂ ಈಗ ನೆಲದ ಮೇಲೆ ತೆವಳಿಕೊಂಡು ಬೀರುವಿನ ಹಿಂದಕ್ಕೆ ಹೋಗಿ ಬರುತ್ತಿದ್ದಾರೆ. ದೈಹಿಕ ಶಿಕ್ಷಕನಾಗಿ ಹೇಳುವುದಾದರೆ, ಮೈಗೂ ಒಳ್ಳೆಯ ವ್ಯಾಯಾಮ.

ಆದ್ದರಿಂದ, ಮೇಲ್ಕಾಣಿಸಿದ ಎಲ್ಲ ಕಾರಣಗಳಿಂದ, ಅರ್ಜಿದಾರನು ಕೋರುವುದೇನೆಂದರೆ:

ಅ) ಪಟ್ಟಿ ತಡವಾದದ್ದನ್ನು ಮನ್ನಿಸಬೇಕು.

ಆ) ಪರೀಕ್ಷಾ ಕೊಠಡಿಯಲ್ಲಿ ಕೂಗಿದ್ದನ್ನು ಮನ್ನಿಸಬೇಕೆಂದು ಅರ್ಜಿದಾರನು ಕೇಳುವುದಿಲ್ಲ. ಅವಳು ಬಾಗಿಲು ತೆಗೆದೇಬಿಟ್ಟಳು. ಅಂಥ ಹೊತ್ತಿನಲ್ಲಿ ಸುಮ್ಮನಿದ್ದರೆ ಅದು ತಪ್ಪಾಗುತ್ತಿತ್ತು.

ಇ) ಬೀರುವಿನ ಮುಂದಿನ ಸೀಲನ್ನು ಯಾವ ಕಾರಣಕ್ಕೂ ತೆಗೆಯಬಾರದು. ಸಾಧ್ಯವಾದರೆ ಇನ್ನೂ ಒಂದು ಸೀಲು ಹಾಕಿಸಬೇಕು. ಗಣಿತದ ಪುಸ್ತಕಗಳಿಗೂ ಇದೇ ಏರ್ಪಾಡು ಆಗಬಹುದೇ ಎಂದು ಗಣಿತದ ಶಿಕ್ಷಕಿ ಕೇಳಿದ್ದಾರೆ.

ಈ) ಅರ್ಜಿದಾರನನ್ನು ಈ ಕೋಣೆಯಿಂದ ಬೇರೆಡೆಗೆ ಕಳಿಸುವುದಾದರೆ ಐದನೇ ಭಾಗ ಮುಗಿದ ಮೇಲೆ ಕಳಿಸಬೇಕು. ಆ ಮೇಲೆ ಎಲ್ಲಿಗಾದರೂ ಸರಿ.

ತಮ್ಮ ನಿಧಾನ ಓದಿನ ವಿಶ್ವಾಸಿ,
ಸೀಟಿ ಮೇಷ್ಟ್ರು
(ಸಹಿ ಅರ್ಜಿದಾರನದ್ದೇ. ನೋಡಿ ಬರೆದದ್ದಲ್ಲ.)

ಲಗತ್ತುಗಳು:
1. ಆರೋಗ್ಯ ಕಾರ್ಯಕರ್ತೆಯ ವರದಿ.
2. ಗೆದ್ದಲಿನ ಕುರಿತು ಮುಖ್ಯೋಪಾಧ್ಯಾಯಿನಿಯವರ ಷರಾ, ಮೊಳೆಗಳು ನಾಲ್ಕು.
3. ಮೂರು ಸರಣಿಗಳ ಬಗ್ಗೆ ಮಕ್ಕಳು ಕೈಯಾರೆ ಬರೆದ ಶಿಫಾರಸು, ಹನ್ನೊಂದು ಹಾಳೆ. ಕಾಗುಣಿತ ತಿದ್ದಿಲ್ಲ, ದಯವಿಟ್ಟು ತಿದ್ದಬಾರದು.

ಕೊನೆಯ ಕೋರಿಕೆ: ಮೂರನೇ ಮಹಡಿಗೆ ಹೋದ ಅರ್ಜಿಗಳನ್ನು ಯಾರೂ ಓದುವುದಿಲ್ಲ ಎಂದು ಗುಮಾಸ್ತರು ಹೇಳಿದ ಕಾರಣ, ಇದನ್ನು ಅಂಚೆಯಲ್ಲಿ ಕಳಿಸಿಲ್ಲ. ಕಂಡಕ್ಟರಮ್ಮನ ಮಗಳು ತಾನೇ ತೆಗೆದುಕೊಂಡು ಬಂದು, ಈ ಕ್ಷಣ ತಮ್ಮ ಮೇಜಿನ ಮುಂದೆ ನಿಂತು, ಮೊದಲ ಸಾಲಿನಿಂದ ಇಲ್ಲಿಯವರೆಗೆ ತಮಗೆ ಓದಿ ಹೇಳಿದ್ದಾಳೆ. ಈಗ ಅವಳ ವೇಗ ಪುಟಕ್ಕೆ ಹದಿನಾಲ್ಕು ನಿಮಿಷ. ಇಷ್ಟು ಹೊತ್ತು ತಾವು ನಡುವೆ ನಿಲ್ಲಿಸಲಿಲ್ಲವೆಂದು ಅರ್ಜಿದಾರನು ನಂಬಿದ್ದಾನೆ. ಅವಳಿಗೆ ಕೂರಲು ಒಂದು ಕುರ್ಚಿ, ಕುಡಿಯಲು ಒಂದು ಲೋಟ ನೀರು ಕೊಡಿಸಬೇಕಾಗಿ ವಿನಂತಿ.